ನಿಮ್ಮ ಕ್ಲಾಸನ್ನೇ ಹತ್ತು ನಿಮಿಷ ಕೇಳಿ ನೋಡಿ: ಭಾಷೆ ಕಲಿಸುವವರು ತಾವೂ ಕಲಿಯುತ್ತಾ ಹೋಗುವುದಕ್ಕೆ ಒಂದು ಮಾರ್ಗದರ್ಶಿ

ಮೊದಲ ಸಲ ನನ್ನ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದಾಗ ಒಂದು ವಿಷಯ ಗೊತ್ತಾಯಿತು. ಹತ್ತು ನಿಮಿಷದಲ್ಲಿ 17 ಸಲ ‘ಅರ್ಥ ಆಯ್ತಾ?’ ಎಂದು ಕೇಳಿದ್ದೆ. 17 ಸಲವೂ ಇಡೀ ಕ್ಲಾಸು ಒಟ್ಟಿಗೆ ‘ಹೂಂ’ ಎಂದಿತ್ತು. ಮರುದಿನ ನೋಟ್‌ಬುಕ್ ತೆಗೆಸಿ ನೋಡಿದರೆ ಅರ್ಧ ಜನಕ್ಕೆ ಏನೂ ಅರ್ಥ ಆಗಿರಲಿಲ್ಲ. ಆ ಹೊತ್ತಿಗೆ ನಾನು ಪಾಠ ಮಾಡಲು ಶುರು ಮಾಡಿ ಒಂಬತ್ತು ವರ್ಷ ಆಗಿತ್ತು. ತರಬೇತಿ, ವರ್ಕ್‌ಶಾಪು, ವೆಬಿನಾರು ಅಂತ ಸರ್ಟಿಫಿಕೇಟುಗಳ ಒಂದು ದಪ್ಪ ಫೈಲೂ ಇತ್ತು. ಅಷ್ಟು ತರಬೇತಿಯಲ್ಲಿ ಒಬ್ಬರೂ ಈ 17 ‘ಅರ್ಥ ಆಯ್ತಾ’ ಬಗ್ಗೆ ಹೇಳಿರಲಿಲ್ಲ. ಹೇಗೆ ಹೇಳುತ್ತಾರೆ? ಅವರು ಯಾರೂ ನನ್ನ ಕ್ಲಾಸಿಗೆ ಬಂದವರಲ್ಲ.

ಅದಕ್ಕೇ ಇಲ್ಲಿ ಕೋರ್ಸುಗಳ ಮಾತು ಕೊನೆಯ ಕಡೆಗೆ ಬರುತ್ತದೆ. ಮೊದಲು ನಿಮ್ಮ ಕ್ಲಾಸು. ನೀವು ಯಾವ ಭಾಷೆ ಕಲಿಸುತ್ತೀರಿ, ಮಕ್ಕಳಿಗೋ ದೊಡ್ಡವರಿಗೋ, ಅದು ನಿಮ್ಮ ತಾಯ್ನುಡಿಯೋ ಅಲ್ಲವೋ, ಯಾವುದಾದರೂ ಸರಿ. ವಾರಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬಿಡುವು ಸಿಕ್ಕರೆ ಸಾಕು.

ಹೆಜ್ಜೆ 1: ರೆಕಾರ್ಡ್ ಮಾಡಿ, ಕೇಳಿ, ಬರೆದುಕೊಳ್ಳಿ

ವಿಡಿಯೋ ಬೇಡ, ಸದ್ಯಕ್ಕೆ ಬರೀ ಧ್ವನಿ ಸಾಕು. ವಿಡಿಯೋ ಇಟ್ಟರೆ ಮೊದಲ ಸಲ ನಾವು ನೋಡುವುದು ನಮ್ಮ ಹೊಟ್ಟೆ, ನಮ್ಮ ಕೂದಲು, ನಾವು ನಿಂತಿರುವ ರೀತಿ. ಪಾಠ ಕಣ್ಣಿಗೇ ಬೀಳುವುದಿಲ್ಲ.

ಕ್ಲಾಸಿನವರಿಗೆ ಮೊದಲೇ ಹೇಳಿ. ‘ನಾನು ಹೇಗೆ ಪಾಠ ಮಾಡುತ್ತೇನೆ ಅಂತ ನೋಡಿಕೊಳ್ಳಬೇಕು, ಅದಕ್ಕೆ ರೆಕಾರ್ಡ್ ಮಾಡುತ್ತಿದ್ದೇನೆ, ನನ್ನ ಬಿಟ್ಟು ಬೇರೆ ಯಾರೂ ಕೇಳುವುದಿಲ್ಲ, ಇಂಥ ದಿನ ಅಳಿಸುತ್ತೇನೆ’ ಎಂದು ದಿನಾಂಕ ಸಮೇತ ಹೇಳಿ. ಮಕ್ಕಳಾದರೆ ಮುಖ್ಯಸ್ಥರ ಮತ್ತು ಪೋಷಕರ ಒಪ್ಪಿಗೆ ಬೇಕಾಗಬಹುದು, ನಿಮ್ಮ ಸಂಸ್ಥೆಯಲ್ಲಿ ನಿಯಮ ಏನು ಅಂತ ಕೇಳಿಕೊಳ್ಳಿ. ಒಪ್ಪಿಗೆ ಸಿಗದಿದ್ದರೆ ಫೋನನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಂಡು ನಿಮ್ಮ ದನಿ ಮಾತ್ರ ಸಿಗುವ ಹಾಗೆ ಮಾಡಬಹುದಾ ಎಂದು ಕೇಳಿ. ಅದಕ್ಕೂ ಒಪ್ಪಿಗೆ ಇಲ್ಲ ಎಂದರೆ ರೆಕಾರ್ಡಿಂಗ್ ಬಿಟ್ಟು ಸೀದಾ 4ನೇ ಹೆಜ್ಜೆಗೆ ಹೋಗಿ. ಕದ್ದು ಮಾತ್ರ ರೆಕಾರ್ಡ್ ಮಾಡಬೇಡಿ.

ಇಡೀ ಪಾಠ ಕೇಳುವುದು ಹಿಂಸೆ. ನಡುವಿನ ಹತ್ತು ನಿಮಿಷ ಆರಿಸಿಕೊಳ್ಳಿ. ಅದರಲ್ಲೂ ಐದು ನಿಮಿಷವನ್ನು ಮಾತಿಗೆ ಮಾತು ಕೈಯಲ್ಲಿ ಬರೆದುಕೊಳ್ಳಿ. ಈಗ ಮಾತನ್ನು ಬರಹ ಮಾಡಿಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ, ಆದರೂ ನಾನು ಕೈಬರಹ ಅಂತಲೇ ಹಟ ಹಿಡಿಯುತ್ತೇನೆ. ಆ್ಯಪ್ ಮೌನವನ್ನು ಬರೆಯುವುದಿಲ್ಲ. ಹಿಂದಿನ ಬೆಂಚಿನಿಂದ ಮೆಲ್ಲಗೆ ಬಂದ ಅರ್ಧ ಉತ್ತರವನ್ನೂ ಬರೆಯುವುದಿಲ್ಲ. ಐದು ನಿಮಿಷ ಬರೆಯಲು ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಬೇಜಾರಿನ ಕೆಲಸ, ಆದರೆ ಈ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಪಾಠ ಮಾಡಿದ ದಿನವೇ ಕೇಳಬೇಡಿ, ಎರಡು ದಿನ ಬಿಡಿ. ಅದೇ ದಿನ ಕೇಳಿದರೆ ಮನಸ್ಸು ಪ್ರತಿಯೊಂದಕ್ಕೂ ಸಬೂಬು ಹುಡುಕುತ್ತದೆ.

ಬರೆದ ಹಾಳೆ ಮುಂದಿಟ್ಟುಕೊಂಡು ಏನು ನೋಡಬೇಕು? ಒಟ್ಟಿಗೆ ಎಲ್ಲವನ್ನೂ ನೋಡಲು ಹೋದರೆ ತಲೆ ಕೆಡುತ್ತದೆ. ನಾನು ಮೂರನ್ನು ಎಣಿಸುತ್ತೇನೆ.

ಒಂದು, ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾದೆ ಎಂಬುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ಇದನ್ನೇ ಅಳೆದರು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಕಾಯುತ್ತಿರಲಿಲ್ಲ. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ತಾವಾಗಿ ಬಾಯಿ ಬಿಟ್ಟರು, ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಯಿತು. ಅದು ವಿಜ್ಞಾನದ ಪಾಠ. ಭಾಷೆಯ ಕ್ಲಾಸಿನಲ್ಲಿ ಕಲಿಯುವವರು ಉತ್ತರ ಹುಡುಕಬೇಕು, ಅದಕ್ಕೆ ಪದ ಹುಡುಕಬೇಕು, ಆ ಪದವನ್ನು ವಾಕ್ಯದಲ್ಲಿ ಕೂರಿಸಬೇಕು. ಒಂದು ಸೆಕೆಂಡಿನಲ್ಲಿ ಅದೆಲ್ಲ ಎಲ್ಲಿ ಆಗುತ್ತದೆ? ಹಾಗಂತ ಕಾಯುವುದು ಸುಲಭವೂ ಅಲ್ಲ. ಕ್ಲಾಸಿನ ಮುಂದೆ ನಿಂತಾಗ 3 ಸೆಕೆಂಡ್ ಮೌನ ಮೂರು ನಿಮಿಷದ ಹಾಗೆ ಇರುತ್ತದೆ. ನಾನು ಮನಸ್ಸಿನಲ್ಲೇ ಎಣಿಸುತ್ತಾ ಬೋರ್ಡ್ ಕಡೆ ತಿರುಗದೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಕೈಯಲ್ಲಿ ಒಂದು ಪೆನ್ನು ಹಿಡಿದುಕೊಂಡರೆ ಸ್ವಲ್ಪ ಸಲೀಸು, ಯಾಕೋ ಗೊತ್ತಿಲ್ಲ.

ಎರಡು, ನನಗೆ ಉತ್ತರ ಮೊದಲೇ ಗೊತ್ತಿದ್ದ ಪ್ರಶ್ನೆ ಎಷ್ಟು, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು ಎಷ್ಟು. ಪೆನ್ನು ಎತ್ತಿ ತೋರಿಸಿ ‘ಇದು ಏನು?’ ಎಂದು ಕೇಳುವುದು ಮೊದಲ ಜಾತಿ. ‘ನಿನಗೆ ಪೆನ್ನು ಇಷ್ಟವೋ ಪೆನ್ಸಿಲ್ಲೋ, ಯಾಕೆ?’ ಎರಡನೇ ಜಾತಿ. ಸಿಂಕ್ಲೇರ್ ಮತ್ತು ಕೂಲ್ಟಾರ್ಡ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು 1975ರಲ್ಲಿ ಕ್ಲಾಸ್‌ರೂಮ್ ಮಾತಿನ ಒಂದು ಅಚ್ಚನ್ನು ಗುರುತಿಸಿದ್ದರು: ಟೀಚರ್ ಕೇಳುತ್ತಾರೆ, ವಿದ್ಯಾರ್ಥಿ ಹೇಳುತ್ತಾನೆ, ಟೀಚರ್ ‘ಗುಡ್’ ಎನ್ನುತ್ತಾರೆ. ಮುಗಿಯಿತು, ಮುಂದಿನ ಪ್ರಶ್ನೆ. ಕ್ಲಾಸಿನ ಹೊರಗೆ ಯಾರೂ ಹೀಗೆ ಮಾತಾಡುವುದಿಲ್ಲ. ಟೈಮ್ ಎಷ್ಟು ಎಂದು ಕೇಳಿ, ಹೇಳಿದವರಿಗೆ ‘ಗುಡ್, ಸರಿಯಾದ ಉತ್ತರ’ ಎಂದರೆ ಹೇಗಿರುತ್ತದೆ? ನಿಮ್ಮ ಹಾಳೆಯಲ್ಲಿ ಈ ಅಚ್ಚು ಎಷ್ಟು ಸಲ ಇದೆ ಎಂದು ನೋಡಿ. ಎಲ್ಲವನ್ನೂ ಕಿತ್ತು ಹಾಕಬೇಕು ಅಂತಿಲ್ಲ. ಐದು ನಿಮಿಷದಲ್ಲಿ ಅದೊಂದೇ ಇದ್ದರೆ ಯೋಚಿಸಬೇಕು.

ಮೂರು, ‘ಅರ್ಥ ಆಯ್ತಾ?’. ಇದರ ಬದಲು ಅರ್ಥ ಆಗಿದೆಯೋ ಇಲ್ಲವೋ ತಾನಾಗಿ ಬಯಲಾಗುವ ಪ್ರಶ್ನೆ ಬೇಕು. ಉದಾಹರಣೆಗೆ ಕನ್ನಡ ಕಲಿಯುತ್ತಿರುವವರಿಗೆ ‘ಬರಬಹುದು’ ಹೇಳಿಕೊಡುತ್ತಿದ್ದೀರಿ. ‘ಅವನು ನಾಳೆ ಬರಬಹುದು’ ಎಂದು ಬರೆದು, ‘ಅವನು ಬರುವುದು ಖಾತ್ರಿನಾ?’ ಎಂದು ಕೇಳಿ. ‘ಬರದೇ ಇದ್ದರೆ ಈ ವಾಕ್ಯ ಸುಳ್ಳಾಯಿತಾ?’ ಎಂದು ಕೇಳಿ. ‘ಹೂಂ’ ಎಂದು ತಪ್ಪಿಸಿಕೊಳ್ಳುವ ದಾರಿ ಇಲ್ಲ. ಇಂಥ ಪ್ರಶ್ನೆಗಳು ಪಾಠದ ನಡುವೆ ಥಟ್ಟನೆ ಹೊಳೆಯುವುದಿಲ್ಲ, ಹಿಂದಿನ ದಿನವೇ ಎರಡೋ ಮೂರೋ ಬರೆದಿಟ್ಟುಕೊಳ್ಳಬೇಕು.

ಹೆಜ್ಜೆ 2: ಒಂದೇ ಒಂದನ್ನು ಆರಿಸಿ

ರೆಕಾರ್ಡಿಂಗ್ ಕೇಳಿದ ಮೇಲೆ ಹತ್ತು ತಪ್ಪು ಕಾಣುತ್ತವೆ, ಎಲ್ಲವನ್ನೂ ಸೋಮವಾರದಿಂದ ಸರಿ ಮಾಡುತ್ತೇನೆ ಎಂಬ ಹುಮ್ಮಸ್ಸು ಬರುತ್ತದೆ. ಬುಧವಾರಕ್ಕೆ ಅದು ಇಳಿದಿರುತ್ತದೆ. ಒಂದೇ ಸಾಕು.

ಆರಿಸಿದ್ದನ್ನು ಪ್ರಶ್ನೆಯ ರೂಪದಲ್ಲಿ ಬರೆಯಿರಿ. ‘ನನ್ನ ವಿದ್ಯಾರ್ಥಿಗಳು ಚೆನ್ನಾಗಿ ಮಾತಾಡುವಂತೆ ಮಾಡುವುದು ಹೇಗೆ?’ ಎಂಬುದು ತುಂಬಾ ದೊಡ್ಡದಾಯಿತು, ಅದಕ್ಕೆ ಒಂದು ಜನ್ಮ ಸಾಲದು. ‘ಪ್ರಶ್ನೆ ಕೇಳಿದ ಮೇಲೆ, ಉತ್ತರ ಹೇಳುವ ಮೊದಲು ಪಕ್ಕದವರ ಜೊತೆ ಅರ್ಧ ನಿಮಿಷ ಮಾತಾಡಲು ಬಿಟ್ಟರೆ, ಯಾವತ್ತೂ ಕೈ ಎತ್ತದ ಆ ಐದು ಜನರಲ್ಲಿ ಎಷ್ಟು ಮಂದಿ ಬಾಯಿ ಬಿಡುತ್ತಾರೆ?’ ಇದು ಸರಿಯಾದ ಅಳತೆ. ಏನು ಬದಲಾಯಿಸುತ್ತೀರಿ, ಯಾರ ಮೇಲೆ ಕಣ್ಣಿಡುತ್ತೀರಿ, ಏನನ್ನು ಎಣಿಸುತ್ತೀರಿ, ಮೂರೂ ಅದರಲ್ಲೇ ಇದೆ.

ರೆಕಾರ್ಡಿಂಗ್‌ನಲ್ಲಿ ಏನೂ ಹೊಳೆಯಲಿಲ್ಲ ಎಂದರೆ ಇನ್ನೊಂದು ದಾರಿ ಇದೆ. ಒಂದು ವಾರದ ಪಾಠ ಯೋಜನೆ ತೆಗೆದು ನಾಲ್ಕು ಬಣ್ಣದ ಪೆನ್ನು ಹಿಡಿದು ಕುಳಿತುಕೊಳ್ಳಿ. ಪದಸಂಪತ್ತಿನ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ ಭಾಷಾ ಕೋರ್ಸನ್ನು ನಾಲ್ಕು ಎಳೆಗಳಾಗಿ ನೋಡುತ್ತಾರೆ: ಅರ್ಥಕ್ಕಾಗಿ ಓದುವುದು ಮತ್ತು ಕೇಳುವುದು, ಅರ್ಥ ಮುಟ್ಟಿಸಲು ಮಾತಾಡುವುದು ಮತ್ತು ಬರೆಯುವುದು, ಮೂರನೆಯದಾಗಿ ವ್ಯಾಕರಣ, ಪದ, ಉಚ್ಚಾರಣೆಯ ಮೇಲೆ ನೇರವಾಗಿ ಗಮನ ಕೊಡುವುದು, ಆಮೇಲೆ ಈಗಾಗಲೇ ಗೊತ್ತಿರುವುದನ್ನೇ ಸರಾಗವಾಗಿ ಬಳಸುವ ಅಭ್ಯಾಸ. ನಾಲ್ಕಕ್ಕೂ ಹೆಚ್ಚುಕಮ್ಮಿ ಸಮಪಾಲು ಸಮಯ ಸಿಗಬೇಕು ಎನ್ನುವುದು ಅವರ ಮಾತು. ನಿಮ್ಮ ವಾರದ ಪಾಠಕ್ಕೆ ಬಣ್ಣ ಹಚ್ಚಿ ನೋಡಿ. ನನ್ನದರಲ್ಲಿ ಮೂರನೇ ಬಣ್ಣ ಪುಟ ತುಂಬಾ ಹರಡಿಕೊಂಡಿತ್ತು, ನಾಲ್ಕನೆಯದು ಒಂದು ಚುಕ್ಕಿಯೂ ಇರಲಿಲ್ಲ. ಸರಾಗತೆಗೆ ನಾನು ಒಂದೇ ಒಂದು ನಿಮಿಷ ಕೊಟ್ಟಿರಲಿಲ್ಲ, ಆದರೂ ವರ್ಷವಿಡೀ ‘ಇವರು ತಡವರಿಸುತ್ತಾರೆ’ ಅಂತ ದೂರುತ್ತಾ ಇದ್ದೆ.

ಅದಕ್ಕೆ ಮದ್ದು ಹುಡುಕುತ್ತಾ ಸಿಕ್ಕಿದ್ದು ನಾಲ್ಕು-ಮೂರು-ಎರಡು ಎಂಬ ಚಟುವಟಿಕೆ. ಗೊತ್ತಿರುವ ವಿಷಯವನ್ನು ಒಬ್ಬರಿಗೆ 4 ನಿಮಿಷ ಹೇಳಬೇಕು, ಅದನ್ನೇ ಎರಡನೆಯವರಿಗೆ 3 ನಿಮಿಷದಲ್ಲಿ, ಮೂರನೆಯವರಿಗೆ 2 ನಿಮಿಷದಲ್ಲಿ. ಕೇಳುವವರು ಬದಲಾಗುವುದರಿಂದ ಹೇಳಿದ್ದೇ ಹೇಳಿದರೂ ಸುಮ್ನೆ ಹೇಳಿದ ಹಾಗೆ ಆಗುವುದಿಲ್ಲ. ಆರಂಭದ ಹಂತದವರಿಗೆ 4 ನಿಮಿಷ ಜಾಸ್ತಿಯಾಗುತ್ತದೆ, ಒಂದೂವರೆಯಿಂದ ಶುರು ಮಾಡಿ.

ಹೆಜ್ಜೆ 3: ನಾಲ್ಕು ವಾರ ಮಾಡಿ ನೋಡಿ

ಯೋಜನೆ ಹಾಕು, ಮಾಡು, ಗಮನಿಸು, ಯೋಚಿಸು, ಮತ್ತೆ ಯೋಜನೆ ಹಾಕು. ಈ ಸುತ್ತಿನ ಮೂಲ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ 1946ರಲ್ಲಿ ಬರೆದ ಬರಹದಲ್ಲಿದೆ. ಕ್ರಿಯಾ ಸಂಶೋಧನೆ ಎಂಬ ದೊಡ್ಡ ಹೆಸರಿನಲ್ಲಿ ತರಬೇತಿಗಳಲ್ಲಿ ಇದನ್ನು ಕೇಳಿರುತ್ತೀರಿ, ವರದಿಯ ನಮೂನೆ ತುಂಬಿಸಿ ಕೊಟ್ಟೂ ಇರುತ್ತೀರಿ. ನಮೂನೆ ಮರೆತುಬಿಡಿ. ಬೇಕಾಗಿರುವುದು ಒಂದು ನೋಟ್‌ಬುಕ್, ಒಂದು ಕ್ಲಾಸು, ಒಂದು ಪ್ರಶ್ನೆ.

ನಾನು ಮಾಡಿದ ಒಂದು ಸುತ್ತನ್ನೇ ಹೇಳುತ್ತೇನೆ. ವಿಷಯ, ಮಾತಿನಲ್ಲಿ ಆಗುವ ತಪ್ಪು ತಿದ್ದುವುದು.

ವಿದ್ಯಾರ್ಥಿ ‘ನಿನ್ನೆ ನಾನು ಲೈಬ್ರರಿಗೆ ಹೋಗುತ್ತೇನೆ’ ಎಂದ. ನಾನು ನಗುತ್ತಾ ‘ಓಹ್, ನಿನ್ನೆ ಲೈಬ್ರರಿಗೆ ಹೋದೆಯಾ? ಯಾವ ಪುಸ್ತಕ ತಂದೆ?’ ಎಂದೆ. ಅವನು ಪುಸ್ತಕದ ಹೆಸರು ಹೇಳಿದ. ಮಾತು ಮುಂದೆ ಹೋಯಿತು, ನಾನೂ ಖುಷಿಯಾದೆ. ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು, ಎರಡು ನಿಮಿಷ ಬಿಟ್ಟು ಅದೇ ಹುಡುಗ ‘ನಿನ್ನೆ ನಾನು ಓದುತ್ತೇನೆ’ ಎಂದಿದ್ದಾನೆ. ನಾನು ತಿದ್ದಿದ್ದೆ, ಅವನಿಗೆ ಅದು ತಿದ್ದಿದ ಹಾಗೇ ಅನಿಸಿರಲಿಲ್ಲ.

ಇದು ನನ್ನೊಬ್ಬನ ಕಥೆ ಅಲ್ಲ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಎಂಬ ಸಂಶೋಧಕರು ಕೆನಡಾದಲ್ಲಿ ಫ್ರೆಂಚ್ ಮಾಧ್ಯಮದಲ್ಲಿ ಕಲಿಯುತ್ತಿದ್ದ ಮಕ್ಕಳ ನಾಲ್ಕು ಕ್ಲಾಸುಗಳನ್ನು ರೆಕಾರ್ಡ್ ಮಾಡಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಿಕ್ಷಕರು ಕೊಟ್ಟ ತಿದ್ದುಪಡಿಗಳಲ್ಲಿ 55 ಶೇಕಡಾ ಹೀಗೆ ತಪ್ಪನ್ನು ಸರಿ ಮಾಡಿ ಮರಳಿ ಹೇಳಿಬಿಡುವ ಬಗೆ. ಅದಕ್ಕೆ ಮಕ್ಕಳು ಏನಾದರೂ ಪ್ರತಿಕ್ರಿಯೆ ತೋರಿಸಿದ್ದು ಬರೀ 31 ಶೇಕಡಾ ಸಂದರ್ಭದಲ್ಲಿ. ಅವರು ಒಟ್ಟು ಆರು ಬಗೆ ಗುರುತಿಸಿದ್ದರು: ‘ಇದು ತಪ್ಪು, ಹೀಗೆ ಹೇಳಬೇಕು’ ಎಂದು ನೇರವಾಗಿ ತಿದ್ದುವುದು, ಮೇಲೆ ಹೇಳಿದಂತೆ ಸರಿಮಾಡಿ ಮರಳಿ ಹೇಳುವುದು, ‘ಏನಂದೆ?’ ಎಂದು ಕೇಳುವುದು, ‘ನಿನ್ನೆ ಅಂದರೆ ಯಾವ ಕಾಲ?’ ಎಂದು ನಿಯಮದ ಸುಳಿವು ಕೊಡುವುದು, ‘ನಿನ್ನೆ ನಾನು ಲೈಬ್ರರಿಗೆ…’ ಎಂದು ಅರ್ಧಕ್ಕೆ ನಿಲ್ಲಿಸಿ ಅವರ ಬಾಯಿಂದಲೇ ಹೊರಡಿಸುವುದು, ಅವರ ತಪ್ಪನ್ನೇ ರಾಗ ಎಳೆದು ಮರಳಿ ಹೇಳುವುದು. ಅರ್ಧಕ್ಕೆ ನಿಲ್ಲಿಸಿ ಹೊರಡಿಸಿದಾಗ ಪ್ರತಿಸಲವೂ ಮಕ್ಕಳು ಏನೋ ಒಂದು ಹೇಳಲು ಪ್ರಯತ್ನಿಸಿದ್ದರು, ಸರಿಯೋ ತಪ್ಪೋ.

ಹಾಗಂತ ಮರಳಿ ಹೇಳುವುದು ದಂಡ ಎಂದು ತೀರ್ಮಾನ ಮಾಡಬೇಡಿ. ಬಾಯಿಬಿಟ್ಟು ಹೇಳಲಿಲ್ಲ ಎಂದ ಮಾತ್ರಕ್ಕೆ ಕಿವಿಗೆ ಬಿದ್ದಿಲ್ಲ ಅಂತ ಅರ್ಥ ಅಲ್ಲ. ಭಾಷೆಯ ರೂಪದ ಮೇಲೆ ಮೊದಲೇ ಗಮನ ಇಟ್ಟಿರುವ ದೊಡ್ಡವರು ಇಂಥ ತಿದ್ದುಪಡಿಯನ್ನು ಬೇಗ ಹಿಡಿಯಬಹುದು. ಅದಕ್ಕೇ ನಿಮ್ಮ ಕ್ಲಾಸಿನಲ್ಲಿ ಏನಾಗುತ್ತದೆ ಅಂತ ನೀವೇ ನೋಡಬೇಕು.

ನಾನು ನಾಲ್ಕು ವಾರ ಒಂದು ಕ್ಲಾಸಿನಲ್ಲಿ ಭೂತಕಾಲದ ತಪ್ಪಿಗೆ ಮಾತ್ರ ‘ಅರ್ಧಕ್ಕೆ ನಿಲ್ಲಿಸು’ ಬಳಸಿದೆ. ಬೇರೆ ತಪ್ಪು ಎಷ್ಟೇ ಬಂದರೂ ಹಲ್ಲು ಕಚ್ಚಿ ಬಿಟ್ಟೆ. ವಾರಕ್ಕೊಂದು ಹತ್ತು ನಿಮಿಷ ರೆಕಾರ್ಡ್ ಮಾಡಿ, ಯಾರು ತಾವೇ ಸರಿಮಾಡಿಕೊಂಡರು, ಯಾರು ಮಾಡಿಕೊಳ್ಳಲಿಲ್ಲ ಎಂದು ಗೀಟು ಎಳೆದೆ. ಎರಡನೇ ವಾರವೇ ಒಂದು ಅಡ್ಡಿ ಬಂತು. ಚುರುಕಾದವರು ಥಟ್ಟನೆ ಸರಿಮಾಡಿಕೊಳ್ಳುತ್ತಿದ್ದರು, ಸಂಕೋಚದ ಇಬ್ಬರು ನಾನು ಮಾತು ನಿಲ್ಲಿಸಿದ ಕೂಡಲೇ ತಾವೂ ಮಾತು ನಿಲ್ಲಿಸಿಬಿಡುತ್ತಿದ್ದರು, ಪೂರ್ತಿ. ಅವರಿಬ್ಬರಿಗೆ ಆ ಹೊತ್ತಿನಲ್ಲಿ ತಿದ್ದುವುದನ್ನೇ ಬಿಟ್ಟು, ಅವರ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಕೊನೆಗೆ ಕೈಗೆ ಕೊಡಲು ಶುರು ಮಾಡಿದೆ. ಮೊದಲ ಯೋಜನೆಯಲ್ಲಿ ಈ ಚೀಟಿ ಇರಲೇ ಇಲ್ಲ. ಈಗಲೂ ಬಳಸುವುದು ಅದನ್ನೇ ಜಾಸ್ತಿ.

ವಿದ್ಯಾರ್ಥಿಗಳನ್ನೂ ಕೇಳಿ. ‘ಪಾಠ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎನ್ನುತ್ತಾರೆ, ಅಷ್ಟೇ. ‘ಇವತ್ತು ಯಾವ ಜಾಗದಲ್ಲಿ ದಾರಿ ತಪ್ಪಿದಿರಿ?’ ಎಂದು ಕೇಳಿ, ಹೆಸರು ಬರೆಯದೆ ಚೀಟಿಯಲ್ಲಿ ಒಂದು ಸಾಲು, ಅವರಿಗೆ ಸಲೀಸಾದ ಭಾಷೆಯಲ್ಲಿ. ಕಲಿಯುತ್ತಿರುವ ಭಾಷೆಯಲ್ಲೇ ಬರೆಯಿರಿ ಎಂದರೆ ಅವರಿಗೆ ಬರೆಯಲು ಬರುವುದನ್ನು ಬರೆಯುತ್ತಾರೆ, ಅನಿಸಿದ್ದನ್ನಲ್ಲ.

ಹೆಜ್ಜೆ 4: ಇನ್ನೊಬ್ಬರನ್ನು ಒಳಗೆ ಬಿಡಿ

ಪಾಠ ನೋಡಲು ಯಾರಾದರೂ ಬರುತ್ತಾರೆ ಎಂದ ಕೂಡಲೇ ನಮಗೆ ನೆನಪಾಗುವುದು ತಪಾಸಣೆ. ಹಿಂದಿನ ಬೆಂಚಿನಲ್ಲಿ ಕುಳಿತು, ನಮೂನೆಗೆ ಅಂಕ ಹಾಕಿ, ಎದ್ದು ಹೋಗುವವರು. ನನ್ನ ಆರಂಭದ ವರ್ಷಗಳಲ್ಲಿ ಒಬ್ಬರು ಬಂದು ಇಪ್ಪತ್ತು ನಿಮಿಷ ಕುಳಿತು ‘ಬೋರ್ಡ್ ಬರಹ ಚೆನ್ನಾಗಿದೆ’ ಎಂದು ಬರೆದು ಹೋದರು. ಅವತ್ತು ಬೋರ್ಡ್ ಮೇಲೆ ಬರೆದಿದ್ದವನು ನನ್ನ ವಿದ್ಯಾರ್ಥಿ.

ಇಲ್ಲಿ ಹೇಳುತ್ತಿರುವುದು ಬೇರೆ. ನಿಮಗೆ ನಂಬಿಕೆ ಇರುವ ಒಬ್ಬ ಸಹೋದ್ಯೋಗಿ ಸಾಕು. ಅವರು ಭಾಷೆಯ ಟೀಚರೇ ಆಗಬೇಕೆಂದಿಲ್ಲ. ನಿಮ್ಮ ಭಾಷೆ ಬರದ ಗಣಿತದ ಟೀಚರ್ ಬಂದು ಕುಳಿತರೆ ಇನ್ನೂ ಒಳ್ಳೆಯದು, ಯಾಕೆಂದರೆ ಆರಂಭಿಕ ಹಂತದ ಕ್ಲಾಸಿನಲ್ಲಿ ಅವರು ಕಲಿಯುವವರ ಜಾಗದಲ್ಲೇ ಇರುತ್ತಾರೆ. ‘ಹತ್ತನೇ ನಿಮಿಷದವರೆಗೆ ಗೊತ್ತಾಯಿತು, ಆಮೇಲೆ ನೀವು ಏನು ಮಾಡಲು ಹೇಳಿದಿರಿ ಅಂತಲೇ ತಿಳಿಯಲಿಲ್ಲ’ ಎಂದು ಒಬ್ಬರು ನನಗೆ ಹೇಳಿದ್ದರು. ಸೂಚನೆ ಕೊಡುವ ರೀತಿಯನ್ನೇ ಆ ಒಂದು ಮಾತಿನಿಂದ ಬದಲಾಯಿಸಿದೆ.

ಮೊದಲೇ ಐದು ನಿಮಿಷ ಕೂತು, ಏನು ನೋಡಬೇಕು ಎಂದು ನೀವೇ ಹೇಳಿ. ಒಂದೇ ಕೆಲಸ ಕೊಡಿ: ‘ನಾನು ಯಾರ ಹೆಸರು ಕರೆಯುತ್ತೇನೆ, ಆಸನದ ನಕ್ಷೆಯಲ್ಲಿ ಗುರುತು ಹಾಕಿ.’ ಅಥವಾ, ‘ಆ ಕಿಟಕಿ ಪಕ್ಕದ ಇಬ್ಬರನ್ನೇ ನೋಡುತ್ತಿರಿ, ನನ್ನನ್ನು ನೋಡಬೇಡಿ.’ ಎರಡನೆಯದು ನನಗೆ ಹೆಚ್ಚು ಇಷ್ಟ. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡುತ್ತಾ ಬಂದಿರುವ ಪಾಠ ಅಧ್ಯಯನದಲ್ಲೂ ಕಣ್ಣು ಇರುವುದು ಮಕ್ಕಳ ಮೇಲೆ. ನಾಲ್ಕಾರು ಜನ ಕೂಡಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ಮಕ್ಕಳು ಹೇಗೆ ಯೋಚಿಸುತ್ತಿದ್ದಾರೆ ಎಂದು ನೋಡಿ ಬರೆದುಕೊಳ್ಳುತ್ತಾರೆ. ಪಾಠ ಎಲ್ಲರದ್ದೂ ಆದ್ದರಿಂದ ಎಡವಿದರೆ ಅದು ಒಬ್ಬರ ತಲೆಗೆ ಬರುವುದಿಲ್ಲ.

ನೋಡಿದ ಮೇಲಿನ ಮಾತುಕತೆಗೆ ಒಂದು ನಿಯಮ ಇಟ್ಟುಕೊಳ್ಳಿ. ನೋಡಿದವರು ಕಂಡಿದ್ದನ್ನು ಮಾತ್ರ ಹೇಳಬೇಕು. ‘ಎಡಗಡೆಯವರು ಮೂರು ಸಲ, ಬಲಗಡೆಯವರು ಹದಿನಾಲ್ಕು ಸಲ.’ ಅಷ್ಟು ಸಾಕು. ‘ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ’ ಎಂಬುದು ಕೇಳಿದರೆ ಮಾತ್ರ. ಆಮೇಲೆ ನೀವೂ ಅವರ ಕ್ಲಾಸಿಗೆ ಹೋಗಿ. ಒಂದೇ ಕಡೆಯಿಂದ ನಡೆದರೆ ಅದು ಮತ್ತೆ ತಪಾಸಣೆಯೇ ಆಗುತ್ತದೆ.

ಒಬ್ಬಂಟಿಯಾಗಿ ಮನೆಪಾಠ ಅಥವಾ ಆನ್‌ಲೈನ್ ಪಾಠ ಮಾಡುವವರಿಗೆ ಇದು ಕಷ್ಟ. ಅಂಥವರು ಬೇರೆ ಭಾಷೆ ಕಲಿಸುವ ಇನ್ನೊಬ್ಬರ ಜೊತೆ, ಕಲಿಯುವವರ ಒಪ್ಪಿಗೆ ಇದ್ದರೆ, ಹತ್ತು ನಿಮಿಷದ ರೆಕಾರ್ಡಿಂಗ್ ಅದಲುಬದಲು ಮಾಡಿಕೊಳ್ಳಬಹುದು.

ಹೆಜ್ಜೆ 5: ನೀವೇ ಒಂದು ಹೊಸ ಭಾಷೆ ಕಲಿಯಿರಿ

ಎಲ್ಲರೂ ‘ಟೈಮ್ ಇಲ್ಲ’ ಎಂದು ಬಿಟ್ಟುಬಿಡುವ ಹೆಜ್ಜೆ ಇದು. ನಿರರ್ಗಳವಾಗಿ ಮಾತಾಡುವ ಹಂತ ಬೇಡ, ಆರು ವಾರ ಸಾಕು. ನಿಮಗೆ ಒಂದಕ್ಷರವೂ ಗೊತ್ತಿಲ್ಲದ ಲಿಪಿ ಇದ್ದರೆ ಇನ್ನೂ ಒಳ್ಳೆಯದು.

ಕಾರಣ ಇದೆ. ಸಮಾಜಶಾಸ್ತ್ರಜ್ಞ ಡಾನ್ ಲಾರ್ಟಿ 1975ರಲ್ಲಿ ಒಂದು ಲೆಕ್ಕ ಹಾಕಿದ್ದರು. ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆ ಶಿಕ್ಷಕರ ಮುಂದೆ ಕುಳಿತಿರುತ್ತಾನೆ. ನಾವು ಟೀಚರ್ ಆಗುವ ಮೊದಲೇ ಟೀಚರ್ ಅಂದರೆ ಹೇಗೆ ಎಂಬ ಪಾಠ ಅಷ್ಟು ಗಂಟೆ ಆಗಿರುತ್ತದೆ. ಸುಸ್ತಾದ ದಿನ, ಯೋಜನೆ ಇಲ್ಲದ ದಿನ ನಮ್ಮ ಬಾಯಿಂದ ಹೊರಡುವುದು ನಮ್ಮ ಹಳೇ ಮೇಷ್ಟ್ರ ಮಾತು. ಆ ಗಂಟೆಗಳನ್ನು ಕುಳಿತದ್ದು ನಾವು ಮಕ್ಕಳಾಗಿದ್ದಾಗ. ಈಗ ದೊಡ್ಡವರಾಗಿ, ಟೀಚರ್ ಕಣ್ಣಿಟ್ಟುಕೊಂಡು, ಕಲಿಯುವವರ ಬೆಂಚಿನಲ್ಲಿ ಮತ್ತೆ ಕುಳಿತರೆ ಬೇರೆಯೇ ಕಾಣುತ್ತದೆ.

ನನಗೆ ಕಂಡದ್ದು ಕೇಳಿ. ಹೊಸ ಭಾಷೆಯ ಮೂರನೇ ಕ್ಲಾಸಿನಲ್ಲಿ ಟೀಚರ್ ನನ್ನ ಹೆಸರು ಕರೆದ ಕೂಡಲೇ ಗೊತ್ತಿದ್ದ ಪದವೂ ಹಾರಿಹೋಯಿತು. ಬೋರ್ಡ್ ಅಳಿಸಿದಾಗ ಸಿಟ್ಟು ಬಂತು, ನಾನಿನ್ನೂ ಅರ್ಧ ಬರೆದಿದ್ದೆ. ಹತ್ತು ಹೊಸ ಪದ ಕೊಟ್ಟರೆ ಮರುದಿನ ಮೂರು ಉಳಿಯುತ್ತಿತ್ತು. ನಾನು ನನ್ನ ಕ್ಲಾಸಿನಲ್ಲಿ ಒಂದು ದಿನಕ್ಕೆ ಇಪ್ಪತ್ತು ಕೊಡುತ್ತಿದ್ದವನು! ಹೀಗೆ ಅನಿಸಿದ್ದನ್ನೆಲ್ಲ ಅದೇ ದಿನ ಎರಡು ಸಾಲು ಬರೆದಿಡಿ, ಒಂದು ವಾರ ಕಳೆದರೆ ಮರೆತುಹೋಗುತ್ತದೆ.

ನೀವು ಕಲಿಸುವ ಭಾಷೆಯನ್ನೂ ಬಿಡಬೇಡಿ. ಅದು ತಾಯ್ನುಡಿ ಅಲ್ಲದಿದ್ದರೆ, ಪಠ್ಯಪುಸ್ತಕದ ಭಾಷೆಯಲ್ಲೇ ಸುತ್ತುತ್ತಾ ನಮ್ಮ ಮಾತೂ ಪಠ್ಯಪುಸ್ತಕದಷ್ಟೇ ಆಗಿಬಿಡುತ್ತದೆ. ಪರೀಕ್ಷೆಗೂ ಪಾಠಕ್ಕೂ ಸಂಬಂಧವಿಲ್ಲದ್ದನ್ನು ಓದಿ, ಕೇಳಿ. ತಾಯ್ನುಡಿಯೇ ಆಗಿದ್ದರೆ ತೊಂದರೆ ಬೇರೆ ರೀತಿಯದು. ಮಾತಾಡಲು ಬರುತ್ತದೆ, ಯಾಕೆ ಹಾಗೆ ಎಂದು ಕೇಳಿದರೆ ‘ಅದು ಹಾಗೇ’ ಎನ್ನುತ್ತೇವೆ. ‘ನನಗೆ ಗೊತ್ತಿದೆ’ ಸರಿ, ‘ನಾನು ಗೊತ್ತಿದೆ’ ಯಾಕೆ ತಪ್ಪು? ವಾರಕ್ಕೆ ಇಂಥ ಒಂದು ‘ಯಾಕೆ’ ತೆಗೆದುಕೊಂಡು, ಕಲಿಯುವವರಿಗೆ ಎರಡು ವಾಕ್ಯದಲ್ಲಿ ತಿಳಿಸುವ ಹಾಗೆ ಉತ್ತರ ಬರೆಯಿರಿ.

ಹೆಜ್ಜೆ 6: ಓದು, ಆದರೆ ಅಳತೆಯಲ್ಲಿ

ತಿಂಗಳಿಗೆ ಒಂದು ಲೇಖನ ಸಾಕು. ಅದೂ ನಿಮ್ಮ ಈಗಿನ ಪ್ರಶ್ನೆಗೆ ಸಂಬಂಧಪಟ್ಟದ್ದು. ಹಣ ಕೊಡದೆ ಓದಬಹುದಾದ ಒಳ್ಳೆಯ ಸಂಶೋಧನಾ ಪತ್ರಿಕೆಗಳೇ ಇವೆ, ‘ರೀಡಿಂಗ್ ಇನ್ ಎ ಫಾರಿನ್ ಲ್ಯಾಂಗ್ವೇಜ್’ ಮತ್ತು ‘ಲ್ಯಾಂಗ್ವೇಜ್ ಲರ್ನಿಂಗ್ ಆ್ಯಂಡ್ ಟೆಕ್ನಾಲಜಿ’ ಎರಡೂ ಇಂಟರ್‌ನೆಟ್‌ನಲ್ಲಿ ಮುಕ್ತವಾಗಿ ಸಿಗುತ್ತವೆ. ಅಷ್ಟುದ್ದ ಓದಲು ಆಗದವರಿಗೆ ‘ಓಯಸಿಸ್’ ಎಂಬ ಸಂಗ್ರಹ ಇದೆ, ಭಾಷಾ ಕಲಿಕೆಯ ಸಂಶೋಧನೆಗಳನ್ನು ಒಂದೊಂದು ಪುಟದ ಸರಳ ಬರಹವಾಗಿ ಇಟ್ಟಿದ್ದಾರೆ.

ಓದುವಾಗ ಒಂದು ಅನುಮಾನ ಜೊತೆಗಿರಲಿ: ಇದು ಎಂಥ ಕ್ಲಾಸಿನಲ್ಲಿ, ಯಾವ ವಯಸ್ಸಿನವರ ಮೇಲೆ ಮಾಡಿದ್ದು? ಮತ್ತೊಂದು ಎಚ್ಚರಿಕೆ. ‘ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅವರವರ ಶೈಲಿಗೆ ತಕ್ಕ ಹಾಗೆ ಪಾಠ ಮಾಡಿ’ ಎಂದು ಇವತ್ತಿಗೂ ತರಬೇತಿಗಳಲ್ಲಿ ಹೇಳುತ್ತಾರೆ. ಹ್ಯಾರಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿ, ಹಾಗೆ ಶೈಲಿಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸರಿಯಾದ ಆಧಾರ ಸಿಗಲಿಲ್ಲ ಎಂದು ಬರೆದಿದ್ದಾರೆ. ತರಬೇತಿ ಕೊಡುವವರು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ನಾನು ಹೇಳಿದ್ದೂ ಅಷ್ಟೇ.

ಹೆಜ್ಜೆ 7: ಈಗ ಕೋರ್ಸು, ವರ್ಕ್‌ಶಾಪು

ಕೋರ್ಸುಗಳ ಮೇಲೆ ನನಗೆ ಸಿಟ್ಟಿಲ್ಲ. ಕೈಯಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಹೋದರೆ ತುಂಬಾ ಸಿಗುತ್ತದೆ. ಶಿಕ್ಷಕರ ತರಬೇತಿಯ ಬಗ್ಗೆ ಸಂಶೋಧನೆ ಮಾಡಿದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದ ಬರೆಯುತ್ತಾ ಬಂದದ್ದು ಇದನ್ನೇ: ಬರೀ ಕೇಳಿಸಿಕೊಂಡದ್ದು ಕ್ಲಾಸಿಗೆ ಇಳಿಯುವುದು ತೀರಾ ಕಡಿಮೆ, ಆಮೇಲೆ ಜೊತೆಯವರು ಒತ್ತಾಸೆಯಾಗಿ ನಿಂತರೆ ಇಳಿಯುತ್ತದೆ. ಸೇರುವ ಮೊದಲು ಕೇಳಿ ನೋಡಿ, ಅಲ್ಲೇ ಪಾಠ ಮಾಡಿ ನೋಡಲು ಅವಕಾಶ ಇದೆಯಾ, ಯಾರಾದರೂ ನೋಡಿ ಹೇಳುತ್ತಾರಾ, ಮುಗಿದ ಮೇಲೆ ಮತ್ತೆ ಒಂದು ಸಲ ಸೇರುತ್ತೀರಾ. ಮೂರಕ್ಕೂ ಇಲ್ಲ ಎಂದರೆ ಅದು ಭಾಷಣ, ಮನೆಯಲ್ಲೇ ಕೇಳಬಹುದು.

ಸಾಧ್ಯವಾದರೆ ಒಬ್ಬಂಟಿಯಾಗಿ ಹೋಗಬೇಡಿ, ಆ ನಾಲ್ಕನೇ ಹೆಜ್ಜೆಯ ಸ್ನೇಹಿತರನ್ನು ಕರೆದುಕೊಂಡು ಹೋಗಿ. ವಾಪಸ್ ಬಂದ ಒಂದು ವಾರದೊಳಗೆ ಅಲ್ಲಿಯ ಒಂದನ್ನು ಕ್ಲಾಸಿನಲ್ಲಿ ಮಾಡಿಬಿಡಿ. ವಾರ ದಾಟಿದರೆ ಆ ಟಿಪ್ಪಣಿ ಮತ್ತೆ ತೆರೆಯುವುದಿಲ್ಲ, ನನ್ನ ಅನುಭವ.

ಯಾವ ಭಾಷೆಯ ಟೀಚರಿಗೂ ಬಳಕೆಗೆ ಬರುವ ಒಂದು ದಾಖಲೆಯ ಹೆಸರು ಹೇಳುತ್ತೇನೆ. ಯುರೋಪ್ ಕೌನ್ಸಿಲ್ 2001ರಲ್ಲಿ ಹೊರತಂದ ಭಾಷಾ ಚೌಕಟ್ಟು, ಸಿಇಎಫ್‌ಆರ್. ಒಬ್ಬರಿಗೆ ಒಂದು ಭಾಷೆ ಎಷ್ಟು ಬರುತ್ತದೆ ಎಂದು ಹೇಳಲು ಅದರಲ್ಲಿ ಎ1ರಿಂದ ಸಿ2ವರೆಗೆ ಆರು ಹಂತಗಳು. 2020ರ ಪೂರಕ ಸಂಪುಟದಲ್ಲಿ ಆನ್‌ಲೈನ್ ಮಾತುಕತೆಯಂಥ ಹೊಸ ಸಂಗತಿಗಳೂ ಸೇರಿವೆ. ಅಲ್ಲಿರುವ ‘ಹೀಗೆ ಮಾಡಬಲ್ಲೆ’ ಎಂಬ ವಾಕ್ಯಗಳಿಂದ ನಿಮ್ಮ ಕ್ಲಾಸಿಗೆ ಹತ್ತು ಆರಿಸಿ, ಎಷ್ಟನ್ನು ನಾವು ನಿಜವಾಗಿ ಅಭ್ಯಾಸ ಮಾಡಿಸುತ್ತಿದ್ದೇವೆ ಎಂದು ನೋಡಿ. ಇಂಗ್ಲಿಷ್ ಕಲಿಸುವವರಿಗೆ ಐಯಾಟೆಫ್ಲ್, ಟೆಸಾಲ್‌ನಂಥ ಅಂತರರಾಷ್ಟ್ರೀಯ ಸಂಘಗಳು 1960ರ ದಶಕದಿಂದ ಇವೆ. ಬೇರೆ ಭಾಷೆಗಳವರಿಗೆ ಅಷ್ಟು ದೊಡ್ಡ ಆಸರೆ ಸಿಗುವುದು ಕಷ್ಟ, ಹಾಗಾಗಿ ಅವರ ಕೂಟವನ್ನು ಬಳಸಿಕೊಳ್ಳಲು ನಾಚಿಕೆ ಬೇಡ.

ಎಐ ಬಗ್ಗೆ ಒಂದು ಮಾತು. ಪಾಠ ಯೋಜನೆ ಬರೆಸಿಕೊಳ್ಳಬಹುದು, ಅಭ್ಯಾಸದ ವಾಕ್ಯ ಬರೆಸಿಕೊಳ್ಳಬಹುದು, ಪ್ರತಿ ಸಾಲನ್ನೂ ಓದಿ ನೋಡಿದ ಮೇಲೆ ಬಳಸಬಹುದು. ಆದರೆ ಮೊದಲ ಹೆಜ್ಜೆಯ ರೆಕಾರ್ಡಿಂಗನ್ನು ಅದಕ್ಕೆ ಕೊಟ್ಟು ‘ನನ್ನ ಪಾಠ ಹೇಗಿದೆ ಹೇಳು’ ಎನ್ನಬೇಡಿ. ವಿದ್ಯಾರ್ಥಿಗಳಿಗೆ ಬೇರೆ ಯಾರೂ ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೀರಿ, ಅಲ್ವಾ?

ಬರೆದಿಡುವುದು ಎಷ್ಟು, ಯಾವಾಗ

ಉದ್ದ ಡೈರಿ ಬರೆಯಲು ಹೋದವರು ಎರಡು ವಾರಕ್ಕೆ ನಿಲ್ಲಿಸುತ್ತಾರೆ, ನಾನೂ ನಿಲ್ಲಿಸಿದ್ದೆ. ಈಗ ವಾರಕ್ಕೆ ನಾಲ್ಕು ಸಾಲು: ಏನು ಮಾಡಿದೆ, ಏನಾಯಿತು, ಏನು ಅಚ್ಚರಿ ತಂದಿತು, ಮುಂದಿನ ವಾರ ಏನು. ಮೂರನೇ ಸಾಲು ಖಾಲಿ ಬಿದ್ದರೆ ನಾನು ಸರಿಯಾಗಿ ನೋಡಿಲ್ಲ ಎಂದು ಅಂದುಕೊಳ್ಳುತ್ತೇನೆ. ಸಂಸ್ಥೆಯವರು ವರ್ಷದ ಕೊನೆಗೆ ‘ವೃತ್ತಿ ಬೆಳವಣಿಗೆಗೆ ಏನು ಮಾಡಿದಿರಿ’ ಎಂದು ಕೇಳಿದಾಗ ಇವೇ ಸಾಲುಗಳನ್ನು ಟೈಪ್ ಮಾಡಿ ಕೊಡಬಹುದು, ಸರ್ಟಿಫಿಕೇಟಿನ ಪಕ್ಕದಲ್ಲಿ.

ಪರೀಕ್ಷೆಯ ತಿಂಗಳಲ್ಲಿ ಇದ್ಯಾವುದನ್ನೂ ಮಾಡಬೇಡಿ. ಮನೆಯಲ್ಲಿ ತಾಪತ್ರಯ ಇರುವಾಗಲೂ ಬೇಡ. ವರ್ಷಕ್ಕೆ ನಾಲ್ಕು ವಾರದ ಇಂಥ ಎರಡು ಸುತ್ತು ಆದರೆ ಧಾರಾಳ.

ಇನ್ನು ಆ ರೆಕಾರ್ಡಿಂಗ್. ನಿಮ್ಮ ದನಿ ಮಾತ್ರ ಇರುವ ಒಂದು ತುಣುಕು ಇದ್ದರೆ ಇಟ್ಟುಕೊಳ್ಳಿ, ಮುಂದಿನ ವರ್ಷ ಅದೇ ಪಾಠ ಬಂದಾಗ ಪಕ್ಕಪಕ್ಕ ಇಟ್ಟು ಕೇಳಬಹುದು. ಉಳಿದದ್ದನ್ನು ಹೇಳಿದ ದಿನ ಅಳಿಸಿ, ಸಾಧ್ಯವಾದರೆ ಕ್ಲಾಸಿನ ಎದುರೇ. ನಾನು ಹಾಗೆ ಅಳಿಸಿದ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, ‘ನಾವು ಎಷ್ಟು ಮಾತಾಡಿದ್ದೆವು ಅಂತ ನಮಗೂ ಎಣಿಸಬಹುದಿತ್ತಲ್ವಾ?’ ಎಂದಳು. ಮುಂದಿನ ಸುತ್ತಿನಲ್ಲಿ ಎಣಿಸುವ ಕೆಲಸ ಅವಳದೇ.